ರಜೆಯಲ್ಲಿ ಓದಿದ ಗ್ರಂಥಗಳು: ಧರ್ಮಸಭೆಯ ಎರಡು ಕಪಾಟುಗಳ ಚರಿತ್ರೆ

ಕಳೆದ ಬೇಸಿಗೆಯ ರಜೆಯಲ್ಲಿ ನಾವು ಓದಿದ ಕೆಲವು ಗ್ರಂಥಗಳನ್ನು ಈ ಪತ್ರಿಕೆಯ ಓದುಗರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ಅವುಗಳಲ್ಲಿ ಕೆಲವು ವಿಶ್ವಾಸಕ್ಕೆ ಸಂಬಂಧಿಸಿದವು, ಉಳಿದವು ಬೇರೆ ವಿಷಯಗಳವು. ಆಯ್ಕೆ ಮಾಡುವಾಗ ನಮಗೆ ಯಾವ ಯೋಜನೆಯೂ ಇರಲಿಲ್ಲ. ಆದರೆ ಒಂದರ ನಂತರ ಒಂದನ್ನು ಓದುತ್ತ ಹೋದಂತೆ, ‘ಬಿಡುವಿನಲ್ಲಿ ಏನನ್ನು ಓದಬೇಕು?’ ಎಂಬ ಪ್ರಶ್ನೆಗೆ ಧರ್ಮಸಭೆಯಲ್ಲಿ ಹದಿನಾರು ಶತಮಾನಗಳಷ್ಟು ಹಿಂದಿನ ಚರಿತ್ರೆಯಿದೆ ಎಂಬುದು ಸ್ಪಷ್ಟವಾಯಿತು. ಆ ಚರಿತ್ರೆಯ ಮುಖ್ಯ ಘಟ್ಟಗಳಲ್ಲೆಲ್ಲ ನಮಗೆ ಕಂಡದ್ದು ಒಂದು ಕಪಾಟಲ್ಲ, ಎರಡು ಕಪಾಟುಗಳು.

ಇದನ್ನು ಈಗ ಹೇಳಲು ಕಾರಣವಿದೆ. ರಜೆಗೆ ಊರಿಗೆ ಹೊರಡುವ ಗುರು ಅಭ್ಯರ್ಥಿಗಳಿಗೆ ಹಿರಿಯರು ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಂತರ ಚರಿತ್ರೆಗಳು, ಧ್ಯಾನಗ್ರಂಥಗಳು, ಧರ್ಮಸಭೆಯ ದಾಖಲೆಗಳು ಇರುತ್ತವೆ. ಕಾವ್ಯ, ಕಾದಂಬರಿ, ಚರಿತ್ರೆ, ವಿಜ್ಞಾನ ಇವೆಲ್ಲ ‘ಸಮಯ ಉಳಿದರೆ’ ಎಂಬ ಷರತ್ತಿನ ಕೆಳಗೆ ಬರುತ್ತವೆ. ಸಮಯ ಉಳಿಯುವುದಿಲ್ಲವೆಂಬುದು ಪಟ್ಟಿ ಕೊಟ್ಟವರಿಗೂ ಗೊತ್ತು, ಪಡೆದವರಿಗೂ ಗೊತ್ತು. ಉದ್ದೇಶ ಒಳ್ಳೆಯದೇ. ಆದರೆ ಇದರ ಫಲವನ್ನು ಅನುಭವಿಸುವವರು ಹತ್ತು ವರ್ಷಗಳ ನಂತರ ಭಾನುವಾರದ ಬಲಿಪೂಜೆಯಲ್ಲಿ ಕುಳಿತಿರುವ ಜನ. ‘ಕೃಪೆ’, ‘ರಕ್ಷಣೆ’, ‘ಸಾಕ್ಷಿ’ ಎಂಬ ಪದಗಳನ್ನು ಅವರು ಪೀಠದಿಂದ ಕೇಳುತ್ತಲೇ ಇರುತ್ತಾರೆ; ಅವುಗಳಿಗೂ ತಮ್ಮ ಸಾಲ, ತಮ್ಮ ಮಗಳ ಮದುವೆ, ತಮ್ಮ ಹೊಲದ ಬೋರ್‌ವೆಲ್‌ಗೂ ಏನು ಸಂಬಂಧವೆಂಬುದು ತಿಳಿಯದೆ ಮನೆಗೆ ಮರಳುತ್ತಾರೆ. ಗುರುವಿಗೆ ಭಕ್ತಿ ಕಡಿಮೆಯಾದುದರಿಂದ ಹೀಗಾಗುತ್ತದೆಂದು ನಾವು ನಂಬುವುದಿಲ್ಲ. ಎರಡನೆಯ ಕಪಾಟು ಮುಚ್ಚಿರುವುದೇ ಇದಕ್ಕೆ ಹೆಚ್ಚಿನ ಕಾರಣವೆಂದು ನಮ್ಮ ಅಭಿಪ್ರಾಯ.

ನಾವು ಮೊದಲು ಕೈಗೆತ್ತಿಕೊಂಡದ್ದು ಸಂತ ಅಗಸ್ಟೀನರ ‘ಕನ್ಫೆಷನ್ಸ್’ ಗ್ರಂಥದ ಎಂಟನೆಯ ಮತ್ತು ಒಂಬತ್ತನೆಯ ಭಾಗಗಳನ್ನು. ಎಂಟನೆಯದರಲ್ಲಿ ಬರುವ ತೋಟದ ಪ್ರಸಂಗವನ್ನು ನಾವೆಲ್ಲರೂ ತರಗತಿಯಲ್ಲಿ ಓದಿದ್ದೇವೆ. ಒಂಬತ್ತನೆಯ ಭಾಗದ ಆರಂಭವನ್ನು ಮಾತ್ರ ಬೇಗನೆ ದಾಟಿ ಮೋನಿಕಾ ಅವರ ಮರಣದ ಪುಟಗಳಿಗೆ ಹೋಗುವುದು ವಾಡಿಕೆ. ಆದರೆ ಆ ಆರಂಭದ ಪುಟಗಳು ಒಂದು ರಜೆಯ ವೃತ್ತಾಂತ. ಕ್ರಿ.ಶ. 386ರ ಬೇಸಿಗೆಯ ಕೊನೆಯಲ್ಲಿ ಅಗಸ್ಟೀನರು ಮಿಲಾನ್ ನಗರದಲ್ಲಿ ವಾಕ್ಚಾತುರ್ಯವನ್ನು ಬೋಧಿಸುವ ಅಧ್ಯಾಪಕರಾಗಿದ್ದರು. ಮನಸ್ಸು ಆಗಲೇ ದೇವರ ಕಡೆಗೆ ತಿರುಗಿತ್ತು. ಹುದ್ದೆಯನ್ನು ಬಿಡುವುದೆಂದೂ ನಿಶ್ಚಯವಾಗಿತ್ತು. ದ್ರಾಕ್ಷಿ ಕೊಯ್ಲಿನ ರಜೆಗೆ ಇನ್ನು ಸುಮಾರು ಇಪ್ಪತ್ತು ದಿನಗಳಿದ್ದವು. ಅಷ್ಟರೊಳಗೆ ರಾಜೀನಾಮೆ ಕೊಟ್ಟು ಊರಿನ ಬಾಯಿಗೆ ಬೀಳುವುದು ಅವರಿಗೆ ಬೇಡವಾಗಿತ್ತು. ಆ ದಿನಗಳನ್ನು ಸಹಿಸಿಕೊಂಡು ಪಾಠ ಮಾಡಿ, ರಜೆ ಬಂದ ಮೇಲೆ ಸದ್ದಿಲ್ಲದೆ ಹೊರಟುಹೋದರು. ಎದೆಯ ಬೇನೆಯೂ ಆ ಬೇಸಿಗೆಯಲ್ಲಿ ಕಾಡುತ್ತಿದ್ದುದರಿಂದ ಹುದ್ದೆ ಬಿಡಲು ಹೇಳಿಕೊಳ್ಳಬಹುದಾದ ಒಂದು ಕಾರಣವೂ ದೊರಕಿತ್ತು.

ಅವರ ಸ್ನೇಹಿತ ವೆರೆಕುಂಡುಸ್ ಎಂಬ ವ್ಯಾಕರಣದ ಅಧ್ಯಾಪಕ ತನ್ನ ಹಳ್ಳಿಯ ಮನೆಯನ್ನು ಬಿಟ್ಟುಕೊಟ್ಟ. ಆ ಹಳ್ಳಿಯ ಹೆಸರು ಕಾಸ್ಸಿಸಿಯಾಕುಂ. ಅಗಸ್ಟೀನರೊಂದಿಗೆ ಅಲ್ಲಿಗೆ ಹೋದವರು ತಾಯಿ ಮೋನಿಕಾ, ಮಗ ಅದೆಯೋದಾತುಸ್, ಅಣ್ಣನೋ ತಮ್ಮನೋ ಆದ ನವಿಗಿಯುಸ್, ಆಪ್ತ ಅಲಿಪಿಯುಸ್, ಇಬ್ಬರು ದಾಯಾದಿಗಳು ಮತ್ತು ಲಿಸೆಂಶಿಯುಸ್, ತ್ರಿಗೇಶಿಯುಸ್ ಎಂಬ ಇಬ್ಬರು ತರುಣ ಶಿಷ್ಯರು. ದೀಕ್ಷಾಸ್ನಾನಕ್ಕೆ ಅಣಿಯಾಗುತ್ತಿರುವ ಒಬ್ಬ ವ್ಯಕ್ತಿ, ಇಂಥ ಗುಂಪಿನೊಂದಿಗೆ, ಇಂಥ ಬಿಡುವಿನಲ್ಲಿ ಏನನ್ನು ಓದಿದ? ‘ಕನ್ಫೆಷನ್ಸ್’ ಒಂದನ್ನೇ ಓದಿದರೆ ದೊರಕುವ ಉತ್ತರ: ಕೀರ್ತನೆಗಳನ್ನು. ನಾಲ್ಕನೆಯ ಕೀರ್ತನೆಯನ್ನು ಓದುವಾಗ ತಾವು ಹೇಗೆ ಉರಿದೆವೆಂಬುದನ್ನು ಅವರು ಪುಟಗಟ್ಟಲೆ ವಿವರಿಸುತ್ತಾರೆ. ಆದರೆ ಆ ಪುಟಗಳನ್ನು ಅವರು ಬರೆದದ್ದು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಧರ್ಮಾಧ್ಯಕ್ಷರಾದ ನಂತರ. ಅದೇ ರಜೆಯಲ್ಲಿ, ಅದೇ ಮನೆಯಲ್ಲಿ ನಡೆದ ಚರ್ಚೆಗಳನ್ನು ಲಿಪಿಕಾರನಿಂದ ಬರೆಯಿಸಿ ಸಿದ್ಧಪಡಿಸಿದ ಸಂವಾದಗ್ರಂಥಗಳೂ ಉಳಿದುಬಂದಿವೆ. ಅವುಗಳಲ್ಲಿ ‘ಕ್ರಮವನ್ನು ಕುರಿತು’ ಎಂಬ ಸಂವಾದವನ್ನು ನಾವು ಇಂಗ್ಲಿಷ್ ಅನುವಾದದಲ್ಲಿ ಓದಿದೆವು. ಅಲ್ಲಿ ಉತ್ತರ ಬೇರೆ: ಪ್ರತಿದಿನ ಊಟಕ್ಕೆ ಮುನ್ನ ಶಿಷ್ಯರೊಂದಿಗೆ ವರ್ಜಿಲನ ಕಾವ್ಯದ ಅರ್ಧ ಕಾಂಡ.

ಎರಡು ಉತ್ತರಗಳೂ ನಿಜ. ಬೆಳಗಿನ ಪ್ರಾರ್ಥನೆಗೆ ಕೀರ್ತನೆ, ಮಧ್ಯಾಹ್ನಕ್ಕೆ ವರ್ಜಿಲ್ ಎಂಬ ಅಚ್ಚುಕಟ್ಟಾದ ವೇಳಾಪಟ್ಟಿ ಅಲ್ಲಿತ್ತೆಂದು ಹೇಳುವಂತಿಲ್ಲ. ಎರಡೂ ಒಂದರೊಳಗೊಂದು ಬೆರೆಯುತ್ತಿದ್ದವು. ಈ ಸಂವಾದದ ಆರಂಭವೇ ಸೊಗಸಾಗಿದೆ. ರಾತ್ರಿ ನಿದ್ದೆ ಬಾರದೆ ಮಲಗಿದ್ದ ಅಗಸ್ಟೀನರಿಗೆ ಸ್ನಾನದ ಮನೆಯ ಹಿಂದೆ ಹರಿಯುವ ನೀರಿನ ಸದ್ದು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಕೇಳುತ್ತದೆ. ಏಕಿರಬಹುದೆಂದು ಯೋಚಿಸುತ್ತಿರುವಾಗ ಲಿಸೆಂಶಿಯುಸ್ ಇಲಿಯನ್ನು ಓಡಿಸಲು ಹಲಗೆಯನ್ನು ಬಡಿಯುತ್ತಾನೆ. ಅವನೂ ಎಚ್ಚರವಾಗಿದ್ದಾನೆಂದು ತಿಳಿದು ಅವನನ್ನೇ ಕೇಳುತ್ತಾರೆ. ಶರತ್ಕಾಲದಲ್ಲಿ ಉದುರಿದ ಎಲೆಗಳು ಕಾಲುವೆಯ ಇಕ್ಕಟ್ಟಿನಲ್ಲಿ ಸಿಕ್ಕಿ ನೀರನ್ನು ತಡೆಯುತ್ತವೆ, ಆಮೇಲೆ ಒತ್ತಡಕ್ಕೆ ಸರಿದುಹೋಗುತ್ತವೆ ಎಂದು ಅವನು ವಿವರಿಸುತ್ತಾನೆ. ಅಲ್ಲಿಂದ ಮಾತು, ಕಾರಣವಿಲ್ಲದೆ ಏನಾದರೂ ನಡೆಯುತ್ತದೆಯೇ, ಲೋಕದಲ್ಲಿ ಕೆಡುಕು ಇರುವಾಗ ದೇವರ ಕ್ರಮವೆಂಬುದು ಇದೆಯೇ ಎಂಬಲ್ಲಿಗೆ ಬೆಳೆಯುತ್ತದೆ. ದೈವಾನುಗ್ರಹವನ್ನು ಕುರಿತ ಪಾಠವನ್ನು ನಾವು ಹಲವು ವರ್ಷ ಬೋಧಿಸಿದ್ದೇವೆ; ಎಲೆ ಮತ್ತು ಇಲಿಯಿಂದ ಅದನ್ನು ಆರಂಭಿಸಬಹುದೆಂದು ನಮಗೆ ಹೊಳೆದಿರಲಿಲ್ಲ.

ಈ ಲಿಸೆಂಶಿಯುಸನಿಗೆ ಕಾವ್ಯದ ಹುಚ್ಚು. ಪಿರಾಮುಸ್ ಮತ್ತು ಥಿಸ್ಬೆ ಎಂಬ ಪ್ರೇಮಿಗಳ ಕಥೆಯನ್ನು ಪದ್ಯವಾಗಿ ಬರೆಯುತ್ತಿದ್ದ. ಅದರಲ್ಲೇ ಮುಳುಗಿ ತತ್ತ್ವವಿಚಾರದಿಂದ ದೂರವಾಗುತ್ತಿರುವನೆಂದು ಗುರುವಿಗೆ ಅಸಮಾಧಾನವೂ ಇತ್ತು. ಕೆಲವೇ ದಿನಗಳಲ್ಲಿ ಹುಡುಗನಿಗೆ ತತ್ತ್ವವಿಚಾರ ರುಚಿಸಿ, ಪದ್ಯ ಸಪ್ಪೆಯೆನಿಸುತ್ತದೆ. ಅವನು ಒಂದು ಕೀರ್ತನೆಯ ಸಾಲನ್ನು ಹಿಡಿದು ಎಲ್ಲೆಂದರಲ್ಲಿ ಹಾಡುತ್ತಾನೆ. ಪಾಯಿಖಾನೆಯಲ್ಲಿಯೂ ಹಾಡಿ ಮೋನಿಕಾ ಅಮ್ಮನಿಂದ ಬೈಸಿಕೊಳ್ಳುತ್ತಾನೆ. ಇಷ್ಟಾದ ಮೇಲೆ ಇಂದಿನ ಅನೇಕ ಆಧ್ಯಾತ್ಮಿಕ ನಿರ್ದೇಶಕರು ಏನು ಹೇಳುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ: ‘ಸರಿ, ಆ ಪ್ರೇಮಕಥೆಯನ್ನು ಇನ್ನು ಒಲೆಗೆ ಹಾಕು.’ ಅಗಸ್ಟೀನರು ಹಾಗೆ ಹೇಳಲಿಲ್ಲ. ಪದ್ಯಕ್ಕೆ ಮರಳು, ಅದನ್ನು ಮುಗಿಸು, ಕೆಟ್ಟ ಕಾಮನೆ ಏನು ಮಾಡುತ್ತದೆಂಬುದನ್ನೂ ಶುದ್ಧ ಪ್ರೀತಿ ಏನೆಂಬುದನ್ನೂ ಅದರಲ್ಲೇ ತೋರಿಸು ಎಂಬುದು ಅವರ ಸಲಹೆಯ ಸಾರ. ಈ ಎರಡು ಪುಟಗಳಿಗಾಗಿಯೇ ‘ಕ್ರಮವನ್ನು ಕುರಿತು’ ಗ್ರಂಥವನ್ನು ಗುರುಮಠಗಳ ಶಿಕ್ಷಕವರ್ಗದವರೆಲ್ಲರೂ ಓದಬೇಕೆಂದು ನಾವು ಶಿಫಾರಸು ಮಾಡುತ್ತೇವೆ.

ಅದೇ ರಜೆಗೆ ಸೇರಿದ ಇನ್ನೊಂದು ಸಂಗತಿಯಿದೆ. ಹುದ್ದೆ ಬಿಡುವುದಾಗಿ ಮಿಲಾನಿನವರಿಗೆ ತಿಳಿಸಿದ ಮೇಲೆ ಅಗಸ್ಟೀನರು ಧರ್ಮಾಧ್ಯಕ್ಷ ಸಂತ ಆಂಬ್ರೋಸರಿಗೆ ಪತ್ರ ಬರೆದು, ದೀಕ್ಷಾಸ್ನಾನಕ್ಕೆ ಸಿದ್ಧನಾಗಲು ಪವಿತ್ರ ಗ್ರಂಥದ ಯಾವ ಭಾಗವನ್ನು ಓದಲಿ ಎಂದು ಕೇಳಿದರು. ಪ್ರವಾದಿ ಯೆಶಾಯನನ್ನು ಓದು ಎಂಬ ಉತ್ತರ ಬಂತು. ಅಗಸ್ಟೀನರು ತೆರೆದರು, ಆರಂಭವೇ ಅರ್ಥವಾಗಲಿಲ್ಲ, ಉಳಿದದ್ದೂ ಹೀಗೆಯೇ ಇರಬಹುದೆಂದು ಭಾವಿಸಿ, ಪ್ರಭುವಿನ ನುಡಿ ಇನ್ನಷ್ಟು ಪರಿಚಿತವಾದ ಮೇಲೆ ನೋಡೋಣವೆಂದು ಬದಿಗಿಟ್ಟರು. ಪಾಶ್ಚಾತ್ಯ ಧರ್ಮಸಭೆಯ ಇಬ್ಬರು ಮಹಾಪಂಡಿತರ ನಡುವೆ ನಡೆದ ಪುಸ್ತಕ ಶಿಫಾರಸು ಹೀಗೆ ವಿಫಲವಾಯಿತು! ಆಂಬ್ರೋಸರ ಆಯ್ಕೆ ತಪ್ಪಾಗಿತ್ತೆಂದು ಅಗಸ್ಟೀನರು ಎಲ್ಲಿಯೂ ಹೇಳುವುದಿಲ್ಲ. ಶುಭಸಂದೇಶವನ್ನೂ ಅನ್ಯಜನಾಂಗಗಳ ಕರೆಯನ್ನೂ ಯೆಶಾಯನು ಇತರರಿಗಿಂತ ಸ್ಪಷ್ಟವಾಗಿ ಮುಂತಿಳಿಸಿದ್ದರಿಂದ ಆಂಬ್ರೋಸರು ಹಾಗೆ ಹೇಳಿರಬೇಕೆಂದು ಗೌರವದಿಂದಲೇ ಊಹಿಸುತ್ತಾರೆ. ಮುಂದೆ 387ರ ಪಾಸ್ಖಹಬ್ಬದಲ್ಲಿ ಅದೇ ಆಂಬ್ರೋಸರ ಕೈಯಿಂದ ದೀಕ್ಷಾಸ್ನಾನ ಪಡೆದರು. ಎಷ್ಟೋ ವರ್ಷಗಳ ನಂತರ ‘ದೇವನಗರ’ ಎಂಬ ಮಹಾಗ್ರಂಥವನ್ನು ಬರೆಯುವಾಗ ಯೆಶಾಯನೂ ಅವರ ಕೈಯಲ್ಲಿದ್ದ, ವರ್ಜಿಲನೂ ಇದ್ದ. ಆ ಗ್ರಂಥದ ಮುನ್ನುಡಿಯಲ್ಲೇ ವರ್ಜಿಲನ ಮಾತು ಬರುತ್ತದೆ.

ಇದಕ್ಕೆ ಎದುರು ವಾದವಿಲ್ಲದಿಲ್ಲ. ಅದನ್ನು ಎತ್ತಿದವರೂ ಅಗಸ್ಟೀನರೇ. ಬಾಲ್ಯದಲ್ಲಿ ವರ್ಜಿಲನ ದೀದೋ ರಾಣಿಯ ಸಾವಿಗೆ ಅತ್ತ ತಾವು, ದೇವರಿಂದ ದೂರವಾಗಿ ಸಾಯುತ್ತಿದ್ದ ತಮಗಾಗಿ ಅಳಲಿಲ್ಲವೆಂದು ‘ಕನ್ಫೆಷನ್ಸ್’ನ ಮೊದಲ ಭಾಗದಲ್ಲಿ ಪರಿತಪಿಸುತ್ತಾರೆ. ಕಾಸ್ಸಿಸಿಯಾಕುಂನಲ್ಲಿ ಬರೆದ ಸಂವಾದಗಳಲ್ಲಿಯೂ ಪಾಠಶಾಲೆಯ ಗರ್ವದ ಉಸಿರು ಇತ್ತೆಂದು ಹೇಳುತ್ತಾರೆ. ಸಂತ ಜೆರೋಮರ ಕನಸಂತೂ ಪ್ರಸಿದ್ಧ. ಯೂಸ್ತೋಕಿಯುಮ್ ಎಂಬಾಕೆಗೆ 384ರಲ್ಲಿ ಬರೆದ ಪತ್ರದಲ್ಲಿ ಅವರು ಅದನ್ನು ಹೇಳಿಕೊಂಡಿದ್ದಾರೆ: ನ್ಯಾಯಪೀಠದ ಮುಂದೆ ನಿಲ್ಲಿಸಿ, ನೀನು ಕ್ರೈಸ್ತನಲ್ಲ, ಸಿಸೆರೊನ ಅನುಯಾಯಿ ಎಂದು ಆಪಾದಿಸಿ ಹೊಡೆಸಿದರಂತೆ, ಇನ್ನು ಲೌಕಿಕ ಗ್ರಂಥಗಳನ್ನು ಮುಟ್ಟುವುದಿಲ್ಲವೆಂದು ಅವರು ಆಣೆ ಇಟ್ಟರಂತೆ. ಎರಡನೆಯ ಕಪಾಟಿಗೆ ಬೀಗ ಹಾಕಬಯಸುವವರು ಈ ಕನಸನ್ನು ಇಂದಿಗೂ ಉದ್ಧರಿಸುತ್ತಾರೆ. ಆದರೆ ಜೆರೋಮರ ನಂತರದ ಬರಹಗಳಲ್ಲಿಯೂ ಆ ಗ್ರಂಥಗಳ ನೆನಪು ತುಂಬಿಕೊಂಡಿತ್ತು. ಆಣೆ ಏನಾಯಿತೆಂದು ರುಫಿನುಸನು ಕುಟುಕಿದಾಗ, ಕನಸಿನಲ್ಲಿ ಕೊಟ್ಟ ಮಾತಿಗೆ ನನ್ನನ್ನು ಹೊಣೆ ಮಾಡುವಿರಾ ಎಂಬ ಧಾಟಿಯಲ್ಲಿ ಅವರು ಉತ್ತರಿಸಿದರು. ಕಲಿತ ಭಾಷೆಯನ್ನು ಆಣೆಯಿಂದ ಮರೆಯಲಾಗುವುದಿಲ್ಲ. ಆ ಕಲಿಕೆ ಇಲ್ಲದಿದ್ದರೆ ಲತೀನ್ ಬೈಬಲ್ ಅದಿರುವ ರೂಪದಲ್ಲಿ ನಮಗೆ ದೊರಕುತ್ತಿತ್ತೇ ಎಂದು ಕೇಳಬೇಕಾಗುತ್ತದೆ.

ಈ ರಜೆಯ ಓದಿನಲ್ಲಿ ನಮಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಕ್ಯಾಸಿಯೊಡೋರಸನ ‘ಇನ್‌ಸ್ಟಿಟ್ಯೂಷನೆಸ್’. ಆರನೆಯ ಶತಮಾನದ ಈ ಗ್ರಂಥ ನಿಜಕ್ಕೂ ಒಂದು ಓದಿನ ಪಟ್ಟಿ, ಬಹುಶಃ ನಮ್ಮ ಸಂಪ್ರದಾಯದ ಅತ್ಯುತ್ತಮ ಪಟ್ಟಿ. ಕ್ಯಾಸಿಯೊಡೋರಸ್ ಇಟಲಿಯ ಗೋಥ್ ಅರಸರ ಆಡಳಿತದಲ್ಲಿ ಉನ್ನತ ಹುದ್ದೆಗಳಲ್ಲಿದ್ದವನು. ಜಗದ್ಗುರು ಅಗಾಪೆತುಸರೊಡನೆ ಸೇರಿ ರೋಮಿನಲ್ಲಿ ಕ್ರೈಸ್ತ ವಿದ್ಯಾಪೀಠವೊಂದನ್ನು ಕಟ್ಟಲು ಬಯಸಿದ. ಯುದ್ಧಗಳಿಂದ ಅದು ಕೈಗೂಡಲಿಲ್ಲ. ಮುಂದೆ ದಕ್ಷಿಣ ಇಟಲಿಯ ಸ್ಕ್ವಿಲ್ಲಾಚೆಯ ಬಳಿ ತನ್ನ ಸ್ವಂತ ಭೂಮಿಯಲ್ಲಿ ವಿವೇರಿಯುಮ್ ಎಂಬ ಮಠವನ್ನು ಸ್ಥಾಪಿಸಿದ. ಮೀನಿನ ಕೊಳಗಳಿದ್ದುದರಿಂದ ಆ ಹೆಸರು. ಬೋಧಕರನ್ನು ಒದಗಿಸಲಾಗದ ಆತ ಮಠವಾಸಿಗಳಿಗೆ ಬೋಧಕನ ಬದಲಿಗೆ ಪುಸ್ತಕಗಳ ದಾರಿಯನ್ನು ಬರೆದುಕೊಟ್ಟ.

ಗ್ರಂಥದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ದೈವಿಕ ವಾಙ್ಮಯ, ಪ್ರಭು ಕ್ರಿಸ್ತರ ವಯಸ್ಸಿಗೆ ಸರಿಯಾಗಿ 33 ಅಧ್ಯಾಯಗಳು. ಎರಡನೆಯದು ಲೌಕಿಕ ವಾಙ್ಮಯ, ವ್ಯಾಕರಣದಿಂದ ಖಗೋಳಶಾಸ್ತ್ರದವರೆಗೆ ಏಳು ವಿದ್ಯೆಗಳು. ಪವಿತ್ರ ಗ್ರಂಥದ ಯಾವ ಪುಸ್ತಕಕ್ಕೆ ಯಾರ ವ್ಯಾಖ್ಯಾನವನ್ನು ನೋಡಬೇಕು, ಗ್ರೀಕ್ ಹಸ್ತಪ್ರತಿಗಳು ಎಷ್ಟನೆಯ ಕಪಾಟಿನಲ್ಲಿವೆ ಎಂಬುದನ್ನೂ ಆತ ಹೇಳುತ್ತಾನೆ. ಎರಡು ಭಾಗಗಳ ಗಡಿ ಆತನಿಗೇ ನಿಲ್ಲುವುದಿಲ್ಲ ಎಂಬುದು ನಮ್ಮ ಮನಸ್ಸನ್ನು ಸೆಳೆಯಿತು. ದೈವಿಕ ಗ್ರಂಥಗಳ ಭಾಗದ ನಡುವೆಯೇ ಒಂದೆಡೆ, ಓದಿನಲ್ಲಿ ಬುದ್ಧಿ ಓಡದ ಸಹೋದರರು ತೋಟಗಾರಿಕೆ ಮಾಡಲಿ, ಅದಕ್ಕಾಗಿ ಗಾರ್ಗಿಲಿಯುಸ್ ಮತ್ತು ಕೊಲುಮೆಲ್ಲಾ ಅವರ ಕೃಷಿಗ್ರಂಥಗಳನ್ನು ಇಟ್ಟಿದ್ದೇನೆ ಎನ್ನುತ್ತಾನೆ. ಇನ್ನೊಂದೆಡೆ ರೋಗಿಗಳ ಸೇವೆ ಮಾಡುವ ಸಹೋದರರಿಗೆ ದಿಯೊಸ್ಕೊರಿದೆಸನ ಮೂಲಿಕೆಗಳ ಗ್ರಂಥವನ್ನೂ, ಹಿಪ್ಪೊಕ್ರಾತೆಸ್ ಮತ್ತು ಗಾಲೆನ್ ಅವರ ಲತೀನ್ ಅನುವಾದಗಳನ್ನೂ ಸೂಚಿಸುತ್ತಾನೆ. ತೋಟ ಬಡವರಿಗೆ ಮತ್ತು ಅತಿಥಿಗಳಿಗೆ ಉಣಿಸುತ್ತದೆ, ಔಷಧಿ ನರಳುವವರಿಗೆ ಬೇಕು. ಹಾಗಾಗಿ ಈ ಪುಸ್ತಕಗಳಿಗೆ ಶ್ರೀಗ್ರಂಥದ ವ್ಯಾಖ್ಯಾನಗಳ ಮಗ್ಗುಲಲ್ಲೇ ಜಾಗ ಸಿಕ್ಕಿತು. ರಾತ್ರಿ ಓದುವವರಿಗೆಂದು ತಾನಾಗಿ ಎಣ್ಣೆ ತುಂಬಿಕೊಳ್ಳುವ ದೀಪಗಳನ್ನೂ, ಹೊತ್ತು ತಿಳಿಯಲು ಸೂರ್ಯಗಡಿಯಾರ ಮತ್ತು ನೀರ್ಗಡಿಯಾರವನ್ನೂ ಏರ್ಪಡಿಸಿದ್ದ. ತೊಂಬತ್ತಮೂರನೆಯ ವಯಸ್ಸಿನಲ್ಲಿ ಬರೆದದ್ದು ಕಾಗುಣಿತವನ್ನು ಕುರಿತ ಒಂದು ಪುಸ್ತಕ, ಪ್ರತಿಮಾಡುವ ಸಹೋದರರು ತಪ್ಪು ಬರೆಯಬಾರದೆಂದು. ಉತ್ತರಪತ್ರಿಕೆಗಳನ್ನು ತಿದ್ದುವ ನಮಗೆ ಈ ವೃದ್ಧನ ಮೇಲೆ ವಿಶೇಷ ಅಭಿಮಾನ.

ಸಂತ ಇಗ್ನಾಸಿಯವರ ಆತ್ಮವೃತ್ತಾಂತವನ್ನು ಓದುಗರಲ್ಲಿ ಅನೇಕರು ಬಲ್ಲರು; ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1521ರ ಮೇ ತಿಂಗಳಲ್ಲಿ ಪಂಪ್ಲೋನಾದಲ್ಲಿ ತೋಪಿನ ಗುಂಡಿಗೆ ಕಾಲು ಮುರಿದು ಲೊಯೋಲದ ಮನೆಯಲ್ಲಿ ಮಲಗಿದ್ದ ಯೋಧನಿಗೆ ಬೇಕಾಗಿದ್ದುದು ವೀರರ ಅದ್ಭುತ ಕಥೆಗಳು. ಮನೆಯಲ್ಲಿ ಅವು ಇರಲಿಲ್ಲ. ಲುದೋಲ್ಫನ ‘ಕ್ರಿಸ್ತ ಚರಿತ್ರೆ’ ಮತ್ತು ಸಂತರ ಕಥೆಗಳ ಒಂದು ಪುಸ್ತಕ ಮಾತ್ರ ಸಿಕ್ಕವು. ಇಲ್ಲಿಗೆ ನಿಲ್ಲಿಸಿ, ‘ನೋಡಿ, ಮೊದಲ ಕಪಾಟು ಗೆದ್ದಿತು’ ಎನ್ನುವುದು ರೂಢಿ. ಆದರೆ ಆತ ಸಂತರನ್ನು ಓದಿದ್ದು ಹಿಂದೆ ಓದಿದ ವೀರರ ಕಣ್ಣಿನಿಂದ: ಫ್ರಾನ್ಸಿಸ್ ಇದನ್ನು ಮಾಡಿದ, ದೊಮಿನಿಕ್ ಅದನ್ನು ಮಾಡಿದ, ನಾನೂ ಮಾಡಬೇಕು. ಎರಡು ಬಗೆಯ ಕಥೆಗಳು ಮನಸ್ಸಿನಲ್ಲಿ ಬಿಟ್ಟುಹೋಗುವ ರುಚಿಯನ್ನು ಹೋಲಿಸಿ ನೋಡಿದ್ದರಿಂದಲೇ, ಒಂದು ಬರಡು, ಇನ್ನೊಂದು ಉಳಿಯುವ ಆನಂದವೆಂಬ ವಿವೇಚನೆ ಹುಟ್ಟಿತು. ಹೋಲಿಸಲು ಎರಡು ಬೇಕಲ್ಲವೇ? ಓದಿದ್ದನ್ನು ಆತ ಸುಮಾರು 300 ಹಾಳೆಗಳಲ್ಲಿ, ಕ್ರಿಸ್ತರ ನುಡಿಗಳನ್ನು ಕೆಂಪು ಮಸಿಯಲ್ಲಿ, ಮಾತೆ ಮರಿಯಮ್ಮನವರ ನುಡಿಗಳನ್ನು ನೀಲಿ ಮಸಿಯಲ್ಲಿ ಬರೆದಿಟ್ಟುಕೊಂಡ. ಓದುವಾಗ ಬರೆದುಕೊಳ್ಳುವ ಅಭ್ಯಾಸವಿಲ್ಲದ ನಮ್ಮ ವಿದ್ಯಾರ್ಥಿಗಳಿಗೆ ಈ ವಿವರವನ್ನಷ್ಟೇ ಹೇಳಬಯಸುತ್ತೇವೆ.

ನಮ್ಮ ನಾಡಿಗೆ ಬಂದಾಗ ಎರಡನೆಯ ಕಪಾಟಿನ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಕಾರಣ, ಇಲ್ಲಿ ಆ ಕಪಾಟಿನಲ್ಲಿರುವುದು ವರ್ಜಿಲನಲ್ಲ; ಜೈನ ಕವಿಗಳು, ವಚನಕಾರರು, ದಾಸರು. ಕಥೋಲಿಕರಾದ ನಾವು ಈ ವಿಷಯದಲ್ಲಿ ಪ್ರಾಟೆಸ್ಟೆಂಟ್ ಸಹೋದರರಿಗೆ ಋಣಿಗಳೆಂದು ಒಪ್ಪಿಕೊಳ್ಳಬೇಕು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದದ್ದು ಶುಭಸಂದೇಶವನ್ನು ಸಾರಲು. ಕ್ರಿಸ್ತ ಚರಿತ್ರೆಯನ್ನು ನಮ್ಮ ದೇಸಿ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಹಾಡಿದ ಅವರು, ಆ ಛಂದಸ್ಸನ್ನು ಬಲ್ಲವರಾಗಿದ್ದರು. ಅದನ್ನು ಅರಿಯಬೇಕೆಂದರೆ ಹಳಗನ್ನಡದ ಗ್ರಂಥಗಳಿಗೆ ಹೋಗದೆ ದಾರಿಯಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅವರು ಸಂಪಾದಿಸಿದರು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು ಸುಮಾರು 70,000 ಪದಗಳನ್ನು ನಮಗೆ ಉಳಿಸಿಕೊಟ್ಟಿತು. ನಿಘಂಟನ್ನು ರಜೆಯ ಓದಿಗೆ ಶಿಫಾರಸು ಮಾಡುವುದು ವಿಚಿತ್ರವೆನಿಸಬಹುದು. ಆದರೂ ಮಾಡುತ್ತೇವೆ. ‘ಅರಿವು’, ‘ಒಲವು’, ‘ನೋವು’ ಎಂಬ ಪದಗಳನ್ನು ಅದರಲ್ಲಿ ಹುಡುಕಿ, ಸುತ್ತಲಿನ ಪದಗಳೊಂದಿಗೆ ಒಂದು ಗಂಟೆ ಕಳೆದವರಿಗೆ ಪ್ರಬೋಧನೆಯ ಭಾಷೆ ಮೊದಲಿನಂತೆ ಉಳಿಯುವುದಿಲ್ಲ.

ಪೂಜ್ಯ ಉತ್ತಂಗಿ ಚನ್ನಪ್ಪನವರದು ಇನ್ನೂ ಹತ್ತಿರದ ನಿದರ್ಶನ. ಸಭಾಪಾಲಕರಾಗಿದ್ದ ಅವರು ಊರೂರು ಅಲೆದು ಓಲೆಗರಿ, ಕೈಬರಹ, ಜನರ ಬಾಯಿಮಾತುಗಳಿಂದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಕನ್ನಡಿಗರು ಅವರನ್ನು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಕರೆದರು. ಕ್ರಿಸ್ತನಲ್ಲಿ ವಿಶ್ವಾಸವಿದ್ದದ್ದರಿಂದ ಸರ್ವಜ್ಞನನ್ನು ಓದಲು ಅವರಿಗೆ ಭಯವಾಗಲಿಲ್ಲ. ಈ ಸಂಗ್ರಹವನ್ನು ಈ ಸಲ ನಾವು ಮೊದಲಿನಿಂದ ಕೊನೆಯವರೆಗೆ ಓದಿದೆವು. ಅಲ್ಲಿ ಹಸಿವು, ಸಾಲ, ಡಾಂಭಿಕ ಭಕ್ತಿ, ಜಾತಿಯ ಹಮ್ಮು ಎಲ್ಲಕ್ಕೂ ಮೂರು ಸಾಲಿನಲ್ಲಿ ಹೆಸರು ಸಿಕ್ಕಿದೆ. ಆಮೋಸ ಪ್ರವಾದಿಯನ್ನು ಬೋಧಿಸುವ ಅಧ್ಯಾಪಕರು ಇದನ್ನು ಮೇಜಿನ ಮೇಲೆ ಇಟ್ಟುಕೊಳ್ಳಲಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ಸರ್ವಜ್ಞನನ್ನಾಗಲಿ ಕಾದಂಬರಿಯನ್ನಾಗಲಿ ಪ್ರಬೋಧನೆಗೆ ಉದಾಹರಣೆ ಹೆಕ್ಕಲೆಂದು ಓದುವುದು ಓದಲ್ಲ. ಅದು ಪೇಟೆಯಲ್ಲಿ ಸಿಗುವ ‘ಪ್ರಸಂಗಕ್ಕೆ ನೂರು ಕಥೆಗಳು’ ಬಗೆಯ ಪುಸ್ತಕಗಳ ಕೆಲಸ. ಅವುಗಳಲ್ಲಿರುವ ಅದೇ ರೈತ, ಅದೇ ರಾಜ, ಅದೇ ಹಡಗಿನ ಕಥೆಗಳನ್ನು ನಮ್ಮ ಜನ ಹಲವು ಬಾರಿ ಕೇಳಿದ್ದಾರೆ. ಕಾಸ್ಸಿಸಿಯಾಕುಂನಲ್ಲಿ ವರ್ಜಿಲನನ್ನು ಓದಿದ್ದು ಮರುದಿನದ ಚರ್ಚೆಗೆ ಉಪಮೆ ಬೇಕೆಂದಲ್ಲ. ಮನುಷ್ಯರು ಹೇಗೆ ಮಾತನಾಡುತ್ತಾರೆ, ಏನನ್ನು ಕಳೆದುಕೊಂಡು ಅಳುತ್ತಾರೆ ಎಂಬುದನ್ನು ಅಲ್ಲಿ ಗುರುವೂ ಶಿಷ್ಯರೂ ಜೊತೆಯಾಗಿ ಕೇಳಿಸಿಕೊಳ್ಳುತ್ತಿದ್ದರು.

ಜಗದ್ಗುರು ಫ್ರಾನ್ಸಿಸರು 17 ಜುಲೈ 2024ರಂದು ಸಹಿ ಮಾಡಿದ, ತರಬೇತಿಯಲ್ಲಿ ಸಾಹಿತ್ಯದ ಪಾತ್ರವನ್ನು ಕುರಿತ ಪತ್ರವನ್ನು ನಾವು ರಜೆಯ ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದೆವು. ಮೊದಲಿಗೆ ಗುರುಗಳ ತರಬೇತಿಯನ್ನೇ ಮನಸ್ಸಿನಲ್ಲಿಟ್ಟು ಆರಂಭಿಸಿ, ಬಳಿಕ ಎಲ್ಲ ಕ್ರೈಸ್ತರಿಗೂ ಅನ್ವಯಿಸುವಂತೆ ಬರೆದ ಪತ್ರವದು. ರಜೆಯ ಬೇಸರದ ಹೊತ್ತಿನಲ್ಲಿ ಒಂದು ಒಳ್ಳೆಯ ಪುಸ್ತಕ ಕೊಡುವ ತಂಪಿನ ಪ್ರಸ್ತಾಪ ಅದರ ಆರಂಭದಲ್ಲೇ ಇದೆ. ಅವರು 1964–65ರಲ್ಲಿ ಸಾಂತಾ ಫೆ ನಗರದ ಯೇಸುಸಭೆಯ ಶಾಲೆಯಲ್ಲಿ ಸಾಹಿತ್ಯ ಬೋಧಿಸುವಾಗ ಹುಡುಗರಿಗೆ ಪಠ್ಯದ ‘ಎಲ್ ಸಿದ್’ ರುಚಿಸಲಿಲ್ಲವಂತೆ, ಲೋರ್ಕಾ ಬೇಕೆಂದರಂತೆ. ಪಠ್ಯವನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗೆ ಇಷ್ಟವಾದವರನ್ನು ಚರ್ಚಿಸೋಣ ಎಂದು ಅವರು ಒಪ್ಪಿಕೊಂಡರು. ಯೆಶಾಯನನ್ನು ಬದಿಗಿಟ್ಟ ಅಗಸ್ಟೀನರ ಪ್ರಸಂಗದೊಡನೆ ಇದನ್ನು ಓದಿದಾಗ, ಪಟ್ಟಿ ಕೊಡುವವರಿಗೆ ಬೇಕಾದ ತಾಳ್ಮೆ ಎಂಥದೆಂದು ತಿಳಿಯುತ್ತದೆ.

ನಮ್ಮಲ್ಲಿ ರಜೆಯ ಓದಿಗೆ ಪುಸ್ತಕ ಕೇಳುವವರಿಗೆ ಇನ್ನು ಮುಂದೆ ಎರಡೆರಡನ್ನು ಜೊತೆಯಾಗಿಯೇ ಕೊಡಲು ನಿಶ್ಚಯಿಸಿದ್ದೇವೆ: ‘ಕನ್ಫೆಷನ್ಸ್’ನ ಒಂಬತ್ತನೆಯ ಭಾಗದೊಂದಿಗೆ ‘ಕ್ರಮವನ್ನು ಕುರಿತು’, ಆಮೋಸನೊಂದಿಗೆ ಉತ್ತಂಗಿಯವರ ಸರ್ವಜ್ಞ, ಕೀರ್ತನೆಗಳೊಂದಿಗೆ ಯಾವುದಾದರೂ ಒಳ್ಳೆಯ ಕನ್ನಡ ಕವನಸಂಕಲನ. ಕವಿ ಯಾರೆಂಬುದನ್ನು ಅವರವರೇ ಆರಿಸಿಕೊಳ್ಳಲಿ. ಕ್ಯಾಸಿಯೊಡೋರಸ್ ಸೂಚಿಸಿದ ಕೊಲುಮೆಲ್ಲಾನ ಕೃಷಿಗ್ರಂಥ ಮಾತ್ರ ನಮ್ಮ ಗ್ರಂಥಾಲಯದಲ್ಲಿಲ್ಲ. ಅದನ್ನು ತರಿಸುವಂತೆ ಗ್ರಂಥಪಾಲಕರಿಗೆ ಚೀಟಿ ಬರೆದುಕೊಟ್ಟಿದ್ದೇವೆ.